ರ‍್ಯಾಮ್, ಎಸ್‌ಎಸ್‌ಡಿ ಬದಲಾಯಿಸಿದ ಲ್ಯಾಪ್‌ಟಾಪ್ ಕೆಟ್ರೆ: ವಾರಂಟಿ ಟೆಕ್ನಿಷಿಯನ್ ಮನೆಗೆ ಬರೋಕೆ ಮುಂಚೆ, ಬಂದಾಗ, ಹೋದ್ಮೇಲೆ

ಜುಲೈ ತಿಂಗಳ ಜಡಿಮಳೆ ಟೈಮಲ್ಲಿ ನನ್ನ ಲ್ಯಾಪ್‌ಟಾಪ್ ಕೆಟ್ಟಿದ್ದು. ಶಿರಸಿ ಹತ್ರ ಹಳ್ಳಿ ಮನೆ, ಇಲ್ಲಿಂದಾನೇ ಆಫೀಸ್ ಕೆಲಸ ಮಾಡೋದು, ಮೀಟಿಂಗ್ ಮಧ್ಯೆ ಟಕ್ ಅಂತ ಆಫ್ ಆಗೋಕೆ ಶುರುವಾಯ್ತು. ಬ್ಲೂ ಸ್ಕ್ರೀನ್ ಇಲ್ಲ, ಎರರ್ ಇಲ್ಲ, ಫ್ಯೂಸ್ ಹೋದ ಹಾಗೆ ಸೀದಾ ಕತ್ತಲೆ. ಮತ್ತೆ ಬಟನ್ ಒತ್ತಿದ್ರೆ ಒಂದ್ಸಲ ಆನ್ ಆಗತ್ತೆ, ಇನ್ನೊಂದ್ಸಲ ಕಿತ್ತಳೆ ಬಣ್ಣದ ಲೈಟ್ ನಾಲ್ಕಾರು ಸಲ ಮಿಣುಕಿ ಸುಮ್ನಾಗತ್ತೆ. ಮೂರು ವರ್ಷದ ಆನ್‌ಸೈಟ್ ವಾರಂಟಿ ಇತ್ತು, ಅಂದ್ರೆ ಟೆಕ್ನಿಷಿಯನ್ ಮನೆಗೇ ಬಂದು ರಿಪೇರಿ ಮಾಡ್ಬೇಕು. ಆದ್ರೆ ಲ್ಯಾಪ್‌ಟಾಪ್ ಕಂಪನಿಯಿಂದ ಬಂದಾಗ ಇದ್ದ ಹಾಗೆ ಇರ್ಲಿಲ್ಲ, 8 ಜಿಬಿ ರ‍್ಯಾಮ್ (ಕೆಲಸ ನಡೆಯೋವಾಗ ಬಳಸೋ ಮೆಮೊರಿ) ತೆಗೆದು ಎರಡು 16 ಜಿಬಿ ಸ್ಟಿಕ್ ಹಾಕಿದ್ದೆ, 512 ಜಿಬಿ ಎಸ್‌ಎಸ್‌ಡಿ (ಫೈಲೆಲ್ಲಾ ಇರೋ ಡಿಸ್ಕ್) ಜಾಗಕ್ಕೆ 1 ಟಿಬಿದು ಹಾಕಿ ವಿಂಡೋಸ್ ಪಕ್ಕ ಲಿನಕ್ಸ್ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಕೂಡ ಇತ್ತು, ಕೀಬೋರ್ಡ್ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಬೇರೆ.

ಮೊದಲ್ನೇ ಸಲ ಕಂಪನಿಗೆ ಫೋನ್ ಮಾಡಿದಾಗ ನಾನು "ಆಫ್ ಆಗ್ತಾ ಇದೆ" ಅಂತ ಅಷ್ಟೇ ಹೇಳಿದ್ದೆ, ಅವ್ರು ರ‍್ಯಾಮ್ ಇರಬಹುದು ಅಂತ ರ‍್ಯಾಮ್ ಕಳ್ಸಿದ್ರು. ಹುಬ್ಬಳ್ಳಿಯಿಂದ ಮಳೇಲಿ ಹೆಚ್ಚುಕಮ್ಮಿ ನೂರು ಕಿಲೋಮೀಟರ್ ಬಂದ ಟೆಕ್ನಿಷಿಯನ್ ಹುಡುಗ ಹಿಂದಿನ ಮುಚ್ಚಳ ಬಿಚ್ಚಿ ನೋಡಿ, "ಸರ, ಇದು ನಮ್ ಕಂಪ್ನಿ ರ‍್ಯಾಮ್ ಅಲ್ರಿ. ಇದನ್ನ ಇಟ್ಕೊಂಡು ನಾ ಏನೂ ಮಾಡಾಕ ಬರಂಗಿಲ್ರಿ" ಅಂದ. ರಿಪೋರ್ಟಲ್ಲಿ ಬೇರೆ ಕಂಪನಿ ಪಾರ್ಟ್ ಇದೆ ಅಂತ ಬರೆದು ಕಾಲ್ ಕ್ಲೋಸ್ ಮಾಡಿ ಹೋದ. ಅವನ ತಪ್ಪು ಅಂತ ನಾನು ಹೇಳಲ್ಲ, ಅವನಿಗೆ ಇರೋ ರೂಲ್ ಅದು, ತನ್ನದಲ್ಲದ ಪಾರ್ಟ್ ಒಳಗಿರೋವಾಗ ದೋಷ ಯಾವುದರದ್ದು ಅಂತ ಅವನು ಬರೆದು ಸಹಿ ಹಾಕೋಕೆ ಆಗಲ್ಲ. ಎರಡನೇ ಸಲ ಎಲ್ಲ ಸರಿಯಾಯ್ತು, ಯಾಕಂದ್ರೆ ಅಷ್ಟ್ರಲ್ಲಿ ನಾನು ಲ್ಯಾಪ್‌ಟಾಪನ್ನ ಬಂದಾಗಿನ ಸ್ಥಿತಿಗೆ ತಂದು, ಆ ಸ್ಥಿತೀಲೂ ಅದೇ ದೋಷ ಬರತ್ತೆ ಅಂತ ವಿಡಿಯೋ ಮಾಡಿ ಇಟ್ಕೊಂಡಿದ್ದೆ. ನೀವು ಅಪ್‌ಗ್ರೇಡ್ ಮಾಡಿದ್ರೆ ಹಳೇ ರ‍್ಯಾಮು, ಹಳೇ ಎಸ್‌ಎಸ್‌ಡಿ ಮಾರಬೇಡಿ, ತಮ್ಮನ ಲ್ಯಾಪ್‌ಟಾಪಿಗೆ ಹಾಕಿಕೊಡಬೇಡಿ, ವಾರಂಟಿ ಮುಗಿಯೋವರೆಗೆ ಡಬ್ಬಿಲಿ ಇಟ್ಕೊಳ್ಳಿ. ಇಡೀ ಜಗಳ ಇದೊಂದರಲ್ಲೇ ಮುಗಿದುಹೋಗತ್ತೆ.

ಬಿಚ್ಚೋಕೆ ಮುಂಚೆ ನೋಡ್ಬೇಕಾದ್ದು

ಸ್ಕ್ರೂಡ್ರೈವರ್ ತಗೊಳ್ಳೋಕೆ ಮುಂಚೆ ಒಂದು ಹಾಳೇಲಿ ಯಾವಾಗ ಆಫ್ ಆಯ್ತು ಅಂತ ಬರೀತಾ ಹೋಗಿ. ಚಾರ್ಜರ್ ಹಾಕಿತ್ತಾ ಇಲ್ವಾ, ಬ್ಯಾಟರಿ ಎಷ್ಟು ಪರ್ಸೆಂಟ್, ಏನು ಕೆಲಸ ನಡೀತಿತ್ತು, ಬಿಸಿ ಇತ್ತಾ, ಅಲ್ಲಾಡಿಸಿದ್ರಾ. ವಿಂಡೋಸಲ್ಲಾದ್ರೆ ಇವೆಂಟ್ ವ್ಯೂವರ್ ತೆಗೆದು ಸಿಸ್ಟಮ್ ಲಾಗ್ ನೋಡಿ, ಕರ್ನಲ್ ಪವರ್ 41 ಅಂತ ಒಂದು ಎಂಟ್ರಿ ಇರತ್ತೆ, ಅದು ಸರಿಯಾಗಿ ಶಟ್‌ಡೌನ್ ಆಗದೇ ನಿಂತುಹೋಯ್ತು ಅಂತ ಮಾತ್ರ ಹೇಳತ್ತೆ, ಕಾರಣ ಹೇಳಲ್ಲ. ಅದರ ಜೊತೆ 6008 ನಂಬರಿನ ಎಂಟ್ರಿಲಿ ಎಷ್ಟು ಗಂಟೆಗೆ ನಿಂತಿತ್ತು ಅಂತ ಸಿಗತ್ತೆ. ನಾನು ಎರಡು ದಿನದ ಟೈಮ್ ಎಲ್ಲಾ ಹಾಳೆಗೆ ಇಳಿಸಿ ನೋಡಿದ್ರೆ ಹನ್ನೊಂದು ಸಲಾನೂ ಚಾರ್ಜರ್ ಹಾಕಿರೋವಾಗ್ಲೇ ಆಫ್ ಆಗಿದ್ದು, ಬರೀ ಬ್ಯಾಟರಿ ಮೇಲೆ ಒಂದ್ಸಲಾನೂ ಇಲ್ಲ. ಈ ಒಂದು ವಿಷಯ ಮೊದಲ ದಿನಾನೇ ಫೋನಲ್ಲಿ ಹೇಳಿದ್ರೆ ಅವ್ರು ರ‍್ಯಾಮ್ ಕಳಿಸ್ತಾನೇ ಇರ್ಲಿಲ್ಲ.

ಆಮೇಲೆ ಚಾರ್ಜರ್ ಕಿತ್ತು, ಪೆನ್‌ಡ್ರೈವ್ ಮೌಸ್ ಎಲ್ಲಾ ಕಿತ್ತು, ಪವರ್ ಬಟನ್ನ 30 ಸೆಕೆಂಡ್ ಒತ್ತಿ ಹಿಡ್ಕೊಳ್ಳಿ. ಒಳಗೆ ಉಳ್ಕೊಂಡಿರೋ ಚಾರ್ಜ್ ಇಳಿಯತ್ತೆ, ಎಷ್ಟೋ ಸತ್ತ ಲ್ಯಾಪ್‌ಟಾಪ್ ಇದರಿಂದಾನೇ ಎದ್ದು ಕೂರತ್ತೆ. ಫೋನಲ್ಲಿ ಅವ್ರು ಕೇಳೋ ಮೊದಲ ಪ್ರಶ್ನೆನೂ ಇದೇ, ಮಾಡಿದೀನಿ ಅಂತ ಹೇಳಿದ್ರೆ ಹತ್ತು ನಿಮಿಷ ಉಳಿಯತ್ತೆ.

ಲೈಟ್ ಮಿಣುಕೋದನ್ನ ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳಿ. ಎರಡು ಸಲ ಕಿತ್ತಳೆ ಮೂರು ಸಲ ಬಿಳಿ ಅಂತ ಏನೋ ಒಂದು ಲೆಕ್ಕ ಇರತ್ತೆ, ಒಂದೊಂದು ಮಾಡೆಲಿಗೆ ಒಂದೊಂದು ಅರ್ಥ, ಆ ಮಾಡೆಲಿನ ಸರ್ವಿಸ್ ಮ್ಯಾನ್ಯುಯಲ್ಲಲ್ಲಿ ಪಟ್ಟಿ ಇರತ್ತೆ. ಕಣ್ಣಲ್ಲಿ ಎಣಿಸೋಕೆ ಹೋದ್ರೆ ತಪ್ಪತ್ತೆ, ವಿಡಿಯೋ ಆದ್ರೆ ನಿಧಾನಕ್ಕೆ ಓಡಿಸಿ ಎಣಿಸಬಹುದು.

ಚಾರ್ಜರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ನಮ್ಮ ಕಡೆ ಮಳೆಗಾಲದಲ್ಲಿ ಅರ್ಧ ಕೇಸ್ ಇಲ್ಲೇ. ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರತ್ತೆ, ಹಾಗಾಗಿ ಕರೆಂಟ್ 180ಕ್ಕೆ ಇಳಿದ್ರೂ ಅದು ನಡೆಯತ್ತೆ, ಲೋ ವೋಲ್ಟೇಜಿಂದ ಲ್ಯಾಪ್‌ಟಾಪ್ ಸಾಯೋದು ಕಮ್ಮಿ. ಸಿಡಿಲು ಬಂದಾಗ ವೈರಲ್ಲಿ ಬರೋ ಏಟು ಬೇರೆ ಮಾತು, ಗುಡುಗು ಶುರುವಾದ ತಕ್ಷಣ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದ್ರೆ ಸಾಲಲ್ಲ. ಲೋಹದ ಬಾಡಿ ಮುಟ್ಟಿದ್ರೆ ಜುಮ್ ಅನ್ನತ್ತೆ ಅಂದ್ರೆ ಪ್ಲಗ್ಗಿಗೆ ಅರ್ತಿಂಗ್ ಸಿಗ್ತಿಲ್ಲ, ಹಳೇ ಮನೆಗಳಲ್ಲಿ ಮೂರನೇ ತೂತಿಗೆ ವೈರೇ ಎಳೆದಿರಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸ್ಕೊಳ್ಳಿ, ಅದು ಲ್ಯಾಪ್‌ಟಾಪಿನ ದೋಷ ಅಲ್ಲ. ಇನ್ನು ಚಾರ್ಜರನ್ನೇ ಪರೀಕ್ಷೆ ಮಾಡೋದಾದ್ರೆ ಅದೇ ವ್ಯಾಟಿನ, ಅದೇ ಕಂಪನಿ ಚಾರ್ಜರ್ ಬೇಕು. 130 ವ್ಯಾಟ್ ಬೇಕಾದ ಲ್ಯಾಪ್‌ಟಾಪಿಗೆ 65 ವ್ಯಾಟಿಂದು ಹಾಕಿ ನೋಡಿ ಏನಾದ್ರೂ ತೀರ್ಮಾನ ಮಾಡಿದ್ರೆ ಆ ತೀರ್ಮಾನ ತಪ್ಪೇ ಆಗಿರತ್ತೆ. ಕೆಲವು ಕಂಪನಿಗಳ ದುಂಡು ಪಿನ್ ಚಾರ್ಜರಲ್ಲಿ ನಡುವೆ ಸೂಜಿ ಥರ ಒಂದು ಸಣ್ಣ ಪಿನ್ ಇರತ್ತೆ, ಚಾರ್ಜರ್ ಯಾವುದು ಅಂತ ಲ್ಯಾಪ್‌ಟಾಪಿಗೆ ಹೇಳೋದು ಅದೇ, ಅದು ಬಗ್ಗಿದ್ರೆ ಪವರ್ ಬಂದ್ರೂ ಬ್ಯಾಟರಿ ಚಾರ್ಜ್ ಆಗಲ್ಲ. ನಾನು ಸಿದ್ದಾಪುರದಲ್ಲಿರೋ ಭಾವನ ಮನೆಯಿಂದ ಅದೇ ಥರದ ಚಾರ್ಜರ್ ತರಿಸಿ ಹಾಕ್ದೆ, ಆಗ್ಲೂ ಆಫ್ ಆಯ್ತು. ಅಲ್ಲಿಗೆ ಚಾರ್ಜರ್ ಪಟ್ಟಿಯಿಂದ ಹೊರಗೆ.

ಟಚ್‌ಪ್ಯಾಡ್ ಉಬ್ಬಿದ್ರೆ ಅಥವಾ ಮುಚ್ಚಳ ಸರಿಯಾಗಿ ಮುಚ್ಚದೇ ಇದ್ರೆ ಬ್ಯಾಟರಿ ಊದಿಕೊಂಡಿದೆ ಅಂತ. ಆಗ ಬೇರೆ ಯಾವ ಟೆಸ್ಟೂ ಬೇಡ, ಚಾರ್ಜ್ ಮಾಡ್ಬೇಡಿ, ಒತ್ತಬೇಡಿ, ನೇರವಾಗಿ ಕಂಪ್ಲೇಂಟ್ ಕೊಡಿ.

ಬಂದಾಗಿನ ಸ್ಥಿತಿಗೆ ತರೋದು

ಮೊದಲು ಬ್ಯಾಕಪ್. ಆಮೇಲೆ ಬಿಟ್‌ಲಾಕರ್ ಕೀ, ಅಂದ್ರೆ ವಿಂಡೋಸ್ ಡಿಸ್ಕಿಗೆ ಹಾಕೋ ಬೀಗದ ಕೀ. ಈಗಿನ ತುಂಬಾ ವಿಂಡೋಸ್ 11 ಲ್ಯಾಪ್‌ಟಾಪಲ್ಲಿ ಮೈಕ್ರೋಸಾಫ್ಟ್ ಅಕೌಂಟಿಂದ ಲಾಗಿನ್ ಆದ್ರೆ ಡಿಸ್ಕ್ ಎನ್‌ಕ್ರಿಪ್ಶನ್ ತಾನಾಗೇ ಆನ್ ಆಗಿರತ್ತೆ, ಎಷ್ಟೋ ಜನಕ್ಕೆ ಅದು ಗೊತ್ತೇ ಇರಲ್ಲ. ಅದರ ಬೀಗದ ಕೈ ಇರೋದು ಮದರ್‌ಬೋರ್ಡಿನ ಟಿಪಿಎಂ ಅನ್ನೋ ಸೆಕ್ಯೂರಿಟಿ ಚಿಪ್ ಒಳಗೆ. ಬೋರ್ಡ್ ಬದಲಾದ್ರೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳತ್ತೆ, ಅದಿಲ್ಲದೇ ಡೇಟಾ ತೆಗೆಯೋಕೆ ಯಾರಿಂದಾನೂ ಆಗಲ್ಲ, ಟೆಕ್ನಿಷಿಯನ್ನಿಂದ್ಲೂ ಆಗಲ್ಲ. ಲ್ಯಾಪ್‌ಟಾಪ್ ಆನ್ ಆಗ್ತಿರೋವಾಗ್ಲೇ ಅಕೌಂಟಿಗೆ ಹೋಗಿ ಆ ಕೀನ ಕಾಗದದ ಮೇಲೆ ಬರ್ಕೊಳ್ಳಿ. ಇದನ್ನ ಎಷ್ಟು ಒತ್ತಿ ಹೇಳಿದ್ರೂ ಕಮ್ಮಿನೇ, ಮಗುವಿನ ಫೋಟೋ ಎಲ್ಲಾ ಹಾಗೇ ಕಳ್ಕೊಂಡವರನ್ನ ನಾನು ನೋಡಿದೀನಿ.

ಬಿಚ್ಚೋವಾಗ ಸ್ಕ್ರೂಗಳದ್ದೇ ತಲೆನೋವು. ಆಯಿ ಹತ್ರ ಕೇಳಿ ಹಳೇ ಮಸಾಲೆ ಡಬ್ಬಿ ಈಸ್ಕೊಂಡೆ, ಏಳು ಬಟ್ಟಲಿನದ್ದು, ಸಾಸಿವೆ ವಾಸನೆ ಇನ್ನೂ ಇತ್ತು, ಚೆನ್ನಾಗಿ ಒರೆಸಿ ಒಣಗಿಸಿ ಜಗಲಿ ಮೇಲೆ ಇಟ್ಕೊಂಡು ಹಿಂದಿನ ಅಂಚಿನ ಸ್ಕ್ರೂ ಒಂದು ಬಟ್ಟಲಿಗೆ, ಮುಂದಿನ ಅಂಚಿಂದು ಇನ್ನೊಂದಕ್ಕೆ, ಎಸ್‌ಎಸ್‌ಡಿದು ನಡುವಿನ ಬಟ್ಟಲಿಗೆ. ಉದ್ದದ ಸ್ಕ್ರೂನ ಗಿಡ್ಡದ ಜಾಗಕ್ಕೆ ತಿರುಗಿಸಿದ್ರೆ ಮೇಲಿನ ಪ್ಲಾಸ್ಟಿಕ್ಕಲ್ಲಿ ಗುಳ್ಳೆ ಏಳತ್ತೆ, ಅದನ್ನ ನೋಡಿದ್ರೆ ಗಿರಾಕಿ ಮಾಡಿದ ಡ್ಯಾಮೇಜ್ ಅಂತಾನೇ ಬರೀತಾರೆ. ಒಳಗೆ ಕೈ ಹಾಕೋಕೆ ಮುಂಚೆ ಬ್ಯಾಟರಿ ಕನೆಕ್ಟರ್ ಬಿಡಿಸಿ, ಅಥವಾ ಬಯಾಸಲ್ಲಿ (ವಿಂಡೋಸ್ ಶುರುವಾಗೋಕೆ ಮುಂಚೆ ಬರೋ ಸೆಟ್ಟಿಂಗ್) ಬ್ಯಾಟರಿ ಆಫ್ ಮಾಡೋ ಆಯ್ಕೆ ಇದ್ರೆ ಅದನ್ನ ಮಾಡಿ.

ರ‍್ಯಾಮ್ ಹಾಕೋವಾಗ ಸ್ಲಾಟಿಗೆ ಓರೆಯಾಗಿ ಪೂರ್ತಿ ತುಂಬಿ ಆಮೇಲೆ ಕೆಳಗೆ ಒತ್ತಬೇಕು, ಎರಡೂ ಬದಿ ಕೊಂಡಿ ಟಿಕ್ ಅನ್ಬೇಕು. ಹಳೇ ತಲೆಮಾರಿನ ಡಿಡಿಆರ್4 ಸ್ಟಿಕ್ಕಿಗೆ 260 ಪಿನ್, ಹೊಸ ತಲೆಮಾರಿನ ಡಿಡಿಆರ್5ಗೆ 262, ನಡುವಿನ ಕಚ್ಚು ಬೇರೆ ಜಾಗದಲ್ಲಿರತ್ತೆ, ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ, ಒತ್ತಾಯ ಮಾಡ್ಬೇಡಿ. ಇನ್ನೊಂದು, ಡಿಡಿಆರ್5 ಇರೋ ಲ್ಯಾಪ್‌ಟಾಪಲ್ಲಿ ರ‍್ಯಾಮ್ ಬದಲಾಯಿಸಿ ಮೊದಲ್ನೇ ಸಲ ಆನ್ ಮಾಡಿದಾಗ ಕೆಲವು ನಿಮಿಷ ಸ್ಕ್ರೀನ್ ಕಪ್ಪಗೇ ಇರಬಹುದು, ಅದು ಮೆಮೊರಿನ ಹೊಂದಿಸ್ಕೊಳ್ತಾ ಇರತ್ತೆ, ಕೆಟ್ಟಿತು ಅಂತ ಗಾಬರಿಯಾಗಿ ಪವರ್ ಕೀಳಬೇಡಿ.

ಎಸ್‌ಎಸ್‌ಡಿ ವಿಷಯದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಏನಂದ್ರೆ ಹಳೇ 512 ಜಿಬಿಯಲ್ಲಿ ಕಂಪನಿ ಹಾಕಿಕೊಟ್ಟ ವಿಂಡೋಸ್ ಹಾಗೇ ಇತ್ತು, ನನ್ನ ಒಂದು ಫೈಲೂ ಇರ್ಲಿಲ್ಲ. ಅದನ್ನ ಒಳಗೆ ಹಾಕಿ ನನ್ನ 1 ಟಿಬಿನ ಕವರ್ ಸಮೇತ ಬೀರುವಿನಲ್ಲಿ ಇಟ್ಟೆ. ಪಾಸ್‌ವರ್ಡ್ ಕೊಡ್ಬೇಕಾ ಬೇಡ್ವಾ ಅನ್ನೋ ಪ್ರಶ್ನೆನೇ ಬರ್ಲಿಲ್ಲ, ಆಫೀಸ್ ಡೇಟಾ ಬೇರೆಯವರ ಕೈಗೆ ಹೋಗ್ಲಿಲ್ಲ.

ದೋಷ ಒಳಗಿಂದೇ ಅಂತ ಖಚಿತ ಮಾಡ್ಕೊಳ್ಳೋದು

ಈ ಸ್ಥಿತೀಲಿ ನಾನು ಮಾಡಿದ ಟೆಸ್ಟುಗಳಲ್ಲಿ ಅತಿ ಬೆಲೆಬಾಳಿದ್ದು ತುಂಬಾ ಸುಲಭದ್ದು. ಆನ್ ಮಾಡಿ ಬಯಾಸ್ ಸೆಟಪ್ ಒಳಗೆ ಹೋಗಿ, ಚಾರ್ಜರ್ ಹಾಕಿ, ಏನೂ ಮಾಡ್ದೇ ಬಿಟ್ಟುಬಿಡೋದು. ಅಲ್ಲಿ ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ, ಡ್ರೈವರೂ ಇಲ್ಲ. ಅಲ್ಲೇ ಆಫ್ ಆದ್ರೆ ಅದು ಹಾರ್ಡ್‌ವೇರೇ, ಫಾರ್ಮ್ಯಾಟ್ ಮಾಡಿ ನೋಡಿ ಸರ್ ಅನ್ನೋ ಮಾತಿಗೆ ಅಲ್ಲಿಗೆ ಉತ್ತರ ಸಿಕ್ತು. ನಂದು 25 ನಿಮಿಷಕ್ಕೆ ಆಫ್ ಆಯ್ತು, ಸ್ಟೂಲ್ ಮೇಲೆ ಮೊಬೈಲ್ ನಿಲ್ಲಿಸಿ ಪೂರ್ತಿ ರೆಕಾರ್ಡ್ ಮಾಡಿದ್ದೆ, ಪಕ್ಕದಲ್ಲಿ ಗೋಡೆ ಗಡಿಯಾರ ಕಾಣೋ ಹಾಗೆ. ವಿಡಿಯೋ ಶುರುವಿನಲ್ಲೇ ಮುಚ್ಚಳ ತೆಗೆದು ಒಳಗಿರೋ ರ‍್ಯಾಮ್ ಲೇಬಲ್ಲು, ಎಸ್‌ಎಸ್‌ಡಿ ಲೇಬಲ್ಲು, ಹಿಂದಿನ ಸೀರಿಯಲ್ ನಂಬರ್ ಎಲ್ಲಾ ತೋರಿಸಿದ್ದೆ.

ಕಂಪನಿದೇ ಡಯಾಗ್ನೋಸ್ಟಿಕ್ ಕೂಡ ಓಡಿಸಿ. ಆನ್ ಆಗೋವಾಗ ಎಸ್ಕೇಪ್, ಎಫ್2 ಅಥವಾ ಎಫ್12 ಒತ್ತಿದ್ರೆ ಬಹಳಷ್ಟು ಕಂಪನಿಗಳಲ್ಲಿ ಸಿಗತ್ತೆ. ಫೇಲ್ ಆದ್ರೆ ಒಂದು ಕೋಡ್ ಕೊಡತ್ತೆ, ಫೋನಲ್ಲಿ ಆ ಕೋಡ್ ಹೇಳಿದ್ರೆ ಮಾತು ಬೇಗ ಮುಂದೆ ಹೋಗತ್ತೆ. ಪಾಸ್ ಆದ್ರೆ ದೋಷ ಇಲ್ಲ ಅಂತ ಅರ್ಥ ಅಲ್ಲ, ಬಂದು ಹೋಗೋ ದೋಷ ಐದು ನಿಮಿಷದ ಟೆಸ್ಟಲ್ಲಿ ಸಿಗೋದು ಕಷ್ಟ. ರ‍್ಯಾಮ್ ಮೇಲೆ ಅನುಮಾನ ಇದ್ರೆ ಪೆನ್‌ಡ್ರೈವಿಂದ ಮೆಮ್‌ಟೆಸ್ಟ್ ಅನ್ನೋ ಮೆಮೊರಿ ಪರೀಕ್ಷೆ ಪ್ರೋಗ್ರಾಮ್ ಹಾಕಿ ರಾತ್ರಿಯಿಡೀ ಬಿಡಿ, ಒಂದೇ ಒಂದು ಕೆಂಪು ಸಾಲು ಬಂದ್ರೂ ಆ ಸ್ಟಿಕ್ ಅಥವಾ ಸ್ಲಾಟ್ ಸರಿ ಇಲ್ಲ, ಸ್ಲಾಟ್ ಬದಲಾಯಿಸಿ ಮತ್ತೆ ಓಡಿಸಿದ್ರೆ ಎರಡರಲ್ಲಿ ಯಾವುದು ಅಂತ ಗೊತ್ತಾಗತ್ತೆ. ಆನ್ ಆಗಿರೋ ಸದ್ದು ಬರತ್ತೆ ಆದ್ರೆ ಸ್ಕ್ರೀನ್ ಕಪ್ಪು ಅನ್ನೋರು ಎಚ್‌ಡಿಎಂಐ ಕೇಬಲಲ್ಲಿ ಟಿವಿಗೆ ಹಾಕಿ ನೋಡಿ, ಟಿವಿಲಿ ಬಂದ್ರೆ ಪ್ಯಾನಲ್ಲೋ ಅದರ ಕೇಬಲ್ಲೋ. ಕತ್ತಲೇಲಿ ಸ್ಕ್ರೀನ್ ಮೇಲೆ ಟಾರ್ಚ್ ಓರೆಯಾಗಿ ಬಿಟ್ಟಾಗ ಮಸುಕಾಗಿ ಚಿತ್ರ ಕಂಡ್ರೆ ಹೋಗಿರೋದು ಹಿಂದಿನ ಲೈಟ್ ಮಾತ್ರ.

ಇಷ್ಟು ಆದ್ಮೇಲೆ ನನ್ನ ಹತ್ರ ಉಳಿದಿದ್ದು ಎರಡೇ ಅನುಮಾನ, ಚಾರ್ಜರ್ ಸಿಕ್ಕಿಸೋ ಜಾಕು ಅಥವಾ ಮದರ್‌ಬೋರ್ಡು. ನನ್ನ ಮಾಡೆಲಲ್ಲಿ ಜಾಕ್ ಬೋರ್ಡಿಗೆ ಬೆಸುಗೆ ಹಾಕಿರಲ್ಲ, ಪುಟ್ಟ ಕೇಬಲ್ ಇರೋ ಬೇರೆ ಪಾರ್ಟು. ಹಾಗಾಗಿ ಕಂಪ್ಲೇಂಟ್ ಕೊಡೋವಾಗ ಎರಡೂ ಒಟ್ಟಿಗೆ ಕಳ್ಸಿ, ಟೆಕ್ನಿಷಿಯನ್ ಹುಬ್ಬಳ್ಳಿಯಿಂದ ಬರ್ಬೇಕು, ಒಂದೊಂದೇ ತಂದ್ರೆ ಮೂರನೇ ಸಲಾನೂ ಓಡಾಡ್ಬೇಕಾಗತ್ತೆ ಅಂತ ಕೇಳ್ಕೊಂಡೆ. ಫೋನಲ್ಲಿದ್ದ ಹುಡುಗಿ ಸೂಪರ್‌ವೈಸರ್ ಹತ್ರ ಕೇಳಿ ಒಪ್ಪಿಸಿದ್ಲು. ಕೇಳಿ, ಕೊಡ್ತಾರೆ. ಬಾಯಲ್ಲಿ ಹೇಳಿದ್ದನ್ನೆಲ್ಲಾ ಇಮೇಲಲ್ಲೂ ಬರೆದು ಕಳಿಸಿ, ಮೂಲ ರ‍್ಯಾಮು ಮೂಲ ಎಸ್‌ಎಸ್‌ಡಿ ಇರೋವಾಗ್ಲೇ ದೋಷ ಬಂದಿದೆ ಅನ್ನೋ ಸಾಲು ಅದರಲ್ಲಿ ಇರ್ಲೇಬೇಕು. ಹಾಗೇ ವಾರಂಟಿಲಿ ನೆಕ್ಸ್ಟ್ ಬಿಸಿನೆಸ್ ಡೇ (ಮುಂದಿನ ಕೆಲಸದ ದಿನ) ಅಂದ ಮಾತ್ರಕ್ಕೆ ನಾಳೆ ರಿಪೇರಿ ಅಂತ ಅಲ್ಲ, ಫೋನಲ್ಲಿ ದೋಷ ಯಾವುದು ಅಂತ ತೀರ್ಮಾನ ಆಗಿ, ಪಾರ್ಟ್ ಬಂದ್ಮೇಲೆ ಲೆಕ್ಕ, ನಮ್ಮಂಥ ಪಿನ್‌ಕೋಡಿಗೆ ಇನ್ನೂ ಒಂದೆರಡು ದಿನ ಜಾಸ್ತಿ ಹಿಡಿಯತ್ತೆ.

ನೀವು ಆರ್ಡರ್ ಮಾಡೋವಾಗ್ಲೇ ಬೇರೆ ಪ್ರೊಸೆಸರ್, ಬೇರೆ ಗ್ರಾಫಿಕ್ಸ್, ಲೈಟ್ ಇರೋ ಕೀಬೋರ್ಡ್ ಅಂತ ಆರಿಸಿ ತಗೊಂಡಿದ್ರೆ ಇನ್ನೊಂದು ಎಚ್ಚರಿಕೆ. ಈಗಿನ ಲ್ಯಾಪ್‌ಟಾಪಲ್ಲಿ ಪ್ರೊಸೆಸರ್ ಬೋರ್ಡಿಗೇ ಬೆಸುಗೆ ಆಗಿರತ್ತೆ, ತುಂಬಾ ಮಾಡೆಲಲ್ಲಿ ರ‍್ಯಾಮ್ ಕೂಡ. ಬೋರ್ಡ್ ಬದಲಾಯಿಸೋದು ಅಂದ್ರೆ ಪ್ರೊಸೆಸರ್ ಬದಲಾಯಿಸಿದ ಹಾಗೆ. ಬಾಕ್ಸ್ ಮೇಲಿರೋ ಪಾರ್ಟ್ ನಂಬರ್ ನಿಮ್ಮ ಸೀರಿಯಲ್ ನಂಬರಿಗೆ ಕಂಪನಿ ಸೈಟಲ್ಲಿ ತೋರಿಸೋ ಪಟ್ಟಿಗೆ ಹೊಂದತ್ತಾ ಅಂತ ಬಿಚ್ಚೋಕೆ ಮುಂಚೆ ನೋಡಿ. ಹೊಂದದೇ ಇದ್ರೆ ಹಾಕಿಸ್ಕೋಬೇಡಿ, ಒಮ್ಮೆ ಹಾಕಿ ಸಹಿ ಮಾಡಿದ್ಮೇಲೆ ಹಿಂದಕ್ಕೆ ತಿರುಗಿಸೋದು ಕಷ್ಟ.

ಮನೆಗೆ ಬಂದ ದಿನ

ಅದೇ ಹುಡುಗ ಬಂದ. ಬೈಕ್ ನಿಲ್ಲಿಸಿ ರೇನ್‌ಕೋಟ್ ಬಿಚ್ಚೋಷ್ಟ್ರಲ್ಲಿ ಆಯಿ ಕಷಾಯ ತಂದ್ರು. ನಾನು ವಿಡಿಯೋ ತೋರಿಸ್ದೆ, ಹಾಳೆ ತೋರಿಸ್ದೆ, ಅವನು ಮುಚ್ಚಳ ಬಿಚ್ಚಿ ಒಳಗೆ ಕಂಪನಿ ರ‍್ಯಾಮ್ ನೋಡಿ "ಈಗ ಆತ್ರಿ ಸರ, ಈಗ ನಾ ಬರಿಬಹುದು" ಅಂದ. ಮೊದಲು ಜಾಕ್ ಬದಲಾಯಿಸ್ಲಿ, ಆಮೇಲೆ ಬಯಾಸಲ್ಲಿ ಇಟ್ಟು ನೋಡೋಣ ಅಂತ ಇಬ್ರೂ ಮಾತಾಡ್ಕೊಂಡ್ವಿ. ಹೊಸ ಜಾಕಲ್ಲಿ 20 ನಿಮಿಷ ಚೆನ್ನಾಗಿತ್ತು, ಅವನಿಗೆ ಹೊರಡೋ ಆತುರ ಇತ್ತು, ಊಟ ಮಾಡಿ ಹೋಗಿ ಅಂತ ಕೂರಿಸಿದ್ವಿ. ಊಟದ ಮಧ್ಯೆ ಜಗಲಿ ಕಡೆ ನೋಡಿದ್ರೆ ಸ್ಕ್ರೀನ್ ಕಪ್ಪು. ಕೈ ತೊಳ್ಕೊಂಡು ಬಂದು ಬೋರ್ಡ್ ಬದಲಾಯಿಸ್ದ.

ಬೋರ್ಡ್ ಬದಲಾಯಿಸೋವಾಗ ಪ್ರೊಸೆಸರ್ ಮೇಲಿನ, ಬಿಸಿ ದಾಟಿಸೋ ಹಳೇ ಪೇಸ್ಟನ್ನ ಪೂರ್ತಿ ಒರೆಸಿ ಹೊಸದು ಹಾಕ್ತಾರಾ ನೋಡಿ, ಪೇಸ್ಟ್ ತಂದಿದೀರಾ ಅಂತ ಮುಂಚೇನೇ ಕೇಳಿದ್ರೂ ತಪ್ಪಿಲ್ಲ. ಹೊಸ ಬೋರ್ಡಿಗೆ ನಿಮ್ಮ ಸೀರಿಯಲ್ ನಂಬರನ್ನ ಅವರ ಸಾಫ್ಟ್‌ವೇರಿಂದ ಬರೀಬೇಕು, ಬಯಾಸ್ ಮೊದಲ ಪೇಜಲ್ಲಿ ನಂಬರ್ ಹಿಂದಿನ ಸ್ಟಿಕ್ಕರಿಗೆ ಹೊಂದತ್ತಾ ಅಂತ ನೋಡಿ. ಅದು ಖಾಲಿ ಇದ್ರೆ ಮುಂದಿನ ಸಲ ವಾರಂಟಿ ಚೆಕ್ ಮಾಡೋವಾಗ ತೊಂದರೆ ಆಗತ್ತೆ, ವಿಂಡೋಸ್ ಆಕ್ಟಿವೇಶನ್ ಕೂಡ ತಕರಾರು ಮಾಡಬಹುದು.

ಹೊರಡೋಕೆ ಮುಂಚೆ ಒಟಿಪಿ ಕೇಳ್ತಾರೆ, ಕೊಟ್ರೆ ಕಾಲ್ ಕ್ಲೋಸ್. ಅದಕ್ಕೆ ಮುಂಚೆ ಎಲ್ಲಾ ಯುಎಸ್‌ಬಿಗೂ ಪೆನ್‌ಡ್ರೈವ್ ಹಾಕಿ ನೋಡಿ, ವೈಫೈ, ಕ್ಯಾಮೆರಾ, ಸ್ಪೀಕರ್, ಫಿಂಗರ್‌ಪ್ರಿಂಟು, ಫ್ಯಾನು, ಕೀಬೋರ್ಡಿನ ಪ್ರತಿ ಕೀ, ಮುಚ್ಚಳ ಮುಚ್ಚಿದ್ರೆ ಸ್ಲೀಪ್ ಆಗತ್ತಾ. ನನಗೆ ಕೀಬೋರ್ಡ್ ಲೈಟ್ ಬರ್ಲಿಲ್ಲ, ನೋಡಿದ್ರೆ ಉಗುರಿನಷ್ಟು ಅಗಲದ ಒಂದು ಪಟ್ಟಿ ಕೇಬಲ್ ಅದರ ಕೊಂಡಿಗೆ ಅರ್ಧ ಮಾತ್ರ ಹೋಗಿತ್ತು. ಎರಡು ನಿಮಿಷದ ಕೆಲಸ, ಅವನು ಅಲ್ಲೇ ಸರಿ ಮಾಡ್ದ. ಅವನು ಹೋದ್ಮೇಲೆ ಗೊತ್ತಾಗಿದ್ರೆ ಇನ್ನೊಂದು ಕಂಪ್ಲೇಂಟು, ಇನ್ನೊಂದು ವಾರ. ಅಂದಹಾಗೆ ಕೀಬೋರ್ಡ್ ಬದಲಾಗೋದಾದ್ರೆ ತುಂಬಾ ಮಾಡೆಲಲ್ಲಿ ಮೇಲಿನ ಇಡೀ ಪ್ಲೇಟೇ ಹೋಗತ್ತೆ, ಹಳೇದು ಕಂಪನಿಗೆ ವಾಪಸ್, ಅಕ್ಷರದ ಸ್ಟಿಕ್ಕರ್ ಜೊತೆಗೇ. ಸರ್ವಿಸ್ ರಿಪೋರ್ಟಲ್ಲಿ ಯಾವ ಪಾರ್ಟ್ ಬದಲಾಯ್ತು ಅಂತ ಬರೆಸಿ ಫೋಟೋ ತಗೊಳ್ಳಿ.

ಇಷ್ಟೆಲ್ಲಾ ಮಾಡಿದ್ಮೇಲೂ ವಾರಂಟಿ ಇಲ್ಲ ಅಂದ್ರೆ ಯಾವ ಷರತ್ತಿನ ಪ್ರಕಾರ ಅಂತ ಬರವಣಿಗೇಲಿ ಕೇಳಿ. ಅಲ್ಲೂ ಆಗ್ಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು, ಅದಕ್ಕೂ ಇದೇ ವಿಡಿಯೋ, ಇದೇ ಇಮೇಲ್ ಬೇಕಾಗತ್ತೆ.

ಅವನು ಹೋದ ರಾತ್ರಿ ಬಯಾಸಲ್ಲಿ ಚಾರ್ಜರ್ ಹಾಕಿ ನಾಲ್ಕು ಗಂಟೆ ಬಿಟ್ಟೆ, ಆಫ್ ಆಗ್ಲಿಲ್ಲ. ಮಾರನೇ ದಿನ ನನ್ನ ಪಾರ್ಟ್‌ಗಳನ್ನ ಒಂದೊಂದಾಗಿ ಹಾಕೋಕೆ ಶುರು ಮಾಡ್ದೆ, ಎಲ್ಲಾ ಒಟ್ಟಿಗೆ ಹಾಕಿ ಮತ್ತೆ ಏನಾದ್ರೂ ಆದ್ರೆ ಯಾವುದರಿಂದ ಅಂತ ತಿಳಿಯಲ್ಲ. ಮೊದಲು 16 ಜಿಬಿ ಸ್ಟಿಕ್ಕುಗಳು, ರಾತ್ರಿಯಿಡೀ ಮೆಮ್‌ಟೆಸ್ಟು, ಬೆಳಿಗ್ಗೆ ನೋಡಿದ್ರೆ ಒಂದೂ ಎರರ್ ಇಲ್ಲ. ಆಮೇಲೆ 1 ಟಿಬಿ. ವಿಂಡೋಸ್ 48 ಅಂಕಿ ಕೇಳ್ತು, ಕಾಗದ ನೋಡಿ ಹೊಡೆದೆ, ತೆರೀತು. ಲಿನಕ್ಸ್ ಮಾತ್ರ ಬೂಟ್ ಪಟ್ಟಿಯಿಂದ ಮಾಯ ಆಗಿತ್ತು, ಆ ಪಟ್ಟಿ ಇರೋದು ಬೋರ್ಡಿನ ಮೆಮೊರಿಲಿ, ಬೋರ್ಡೇ ಹೊಸದಾದ್ರೆ ಪಟ್ಟಿ ಎಲ್ಲಿಂದ ಬರತ್ತೆ. ಡಿಸ್ಕಲ್ಲಿ ಎಲ್ಲಾ ಹಾಗೇ ಇರತ್ತೆ, ಮತ್ತೆ ಇನ್‌ಸ್ಟಾಲ್ ಮಾಡೋದು ಬೇಡ. ಲೈವ್ ಪೆನ್‌ಡ್ರೈವಿಂದ (ಇನ್‌ಸ್ಟಾಲ್ ಮಾಡ್ದೇ ಲಿನಕ್ಸ್ ಓಡಿಸೋದು) ಬೂಟ್ ಮಾಡಿ ಇಎಫ್‌ಐ ಬೂಟ್ ಮ್ಯಾನೇಜರ್ (efibootmgr) ಕಮಾಂಡಲ್ಲಿ ಒಂದು ಎಂಟ್ರಿ ಸೇರಿಸಿದ್ರೆ ಆಯ್ತು, ಸೆಕ್ಯೂರ್ ಬೂಟಿಗೆ (ನಂಬಿದ ಸಾಫ್ಟ್‌ವೇರನ್ನ ಮಾತ್ರ ಶುರುವಾಗೋಕೆ ಬಿಡೋ ಕಾವಲು) ಮುಂಚೆ ನಿಮ್ಮದೇ ಕೀ ಸೇರಿಸಿದ್ರೆ ಅದನ್ನ ಇನ್ನೊಂದ್ಸಲ ಸೇರಿಸ್ಬೇಕು. ಕಂಪನಿ ರ‍್ಯಾಮು, ಕಂಪನಿ ಎಸ್‌ಎಸ್‌ಡಿ ಎರಡನ್ನೂ ಕವರಿಗೆ ಹಾಕಿ, ಮೇಲೆ ತಾರೀಕು ಬರೆದು, ಸರ್ವಿಸ್ ರಿಪೋರ್ಟ್ ಜೊತೆ ಮತ್ತೆ ಡಬ್ಬಿಗೆ ಹಾಕಿಟ್ಟೆ, ವಾರಂಟಿ ಇನ್ನೂ ಹದಿನಾಲ್ಕು ತಿಂಗಳಿದೆ.